ತಪ್ಪಾಯ್ತು ಎಂಬ ಮಾತು

ಫೆಬ್ರವರಿ 11

ಅಕ್ಕಾ,

ಪತ್ರ ನಿನ್ನ ಬಸ್ ಡಿಪೋ ವಿಳಾಸಕ್ಕೆ ಬಂದದ್ದು ನೋಡಿ ಗಾಬರಿಯಾಗಬೇಡ. ಎಲ್ಲಾ ಮುಗಿದಿದೆ, ಮುಗಿದ ಮೇಲೇ ಬರೆಯುತ್ತಿದ್ದೇನೆ. ಮನೆಗೆ ಬರೆದರೆ ಅಮ್ಮ ಪಕ್ಕದ ಮನೆಯವರ ಕೈಲಿ ಓದಿಸುತ್ತಾಳೆ. ಫೋನಿನಲ್ಲಿ ಹೇಳೋಣವೆಂದರೆ ಸ್ಪೀಕರ್ ಹಾಕಿಸಿಕೊಂಡು ಅವಳೇ ಮುಂದೆ ಕೂತಿರುತ್ತಾಳೆ. ಹೋದ ಭಾನುವಾರ ನಾನು "ಇಲ್ಲಿ ಚಳಿ" ಅಂದಾಗ ನೀನು "ಬರೀ ಚಳೀನಾ?" ಅಂದೆಯಲ್ಲ, ಆಗಲೇ ನಿನಗೆ ವಾಸನೆ ಹೊಡೆದಿತ್ತು ಅಂತ ಗೊತ್ತು.

ನಡೆದದ್ದು ಇಷ್ಟು. ಸಲೂನಿನಲ್ಲಿ ಒಬ್ಬನಿಗೆ ಗಡ್ಡ ತೆಗೆಯುತ್ತಿದ್ದೆ. ಕಿವಿಯ ಹಿಂದೆ ಕತ್ತಿ ಇಟ್ಟಿದ್ದೇನೆ, ಅವನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು, ಅವನು ತಟ್ಟನೆ ತಿರುಗಿದ. ಕಿವಿ ಕೊಯ್ದುಹೋಯಿತು. ಸಣ್ಣ ಗಾಯ, ನಾವು ಪಟಿಕದ ಕಲ್ಲು ಒತ್ತಿದರೆ ನಿಲ್ಲುವಂಥದ್ದು. ಅವನು ಎದ್ದವನೇ ನನ್ನ ಕೊರಳಪಟ್ಟಿ ಹಿಡಿದ. ನಾನು ಆ ಕೈಯನ್ನು ತಳ್ಳಿದೆ. ಕೆಳಗೆ ಕೂದಲು, ನೊರೆ, ನೀರು. ಅವನು ಜಾರಿ ಹೋಗಿ ಬೇಸಿನ್ನಿನ ಅಂಚಿಗೆ ಬಿದ್ದ. ಹುಬ್ಬು ಒಡೆದು ಮುಖವೆಲ್ಲ ರಕ್ತ. ನಾನೇ ಎತ್ತಿ ಕೂರಿಸಿ ಬಟ್ಟೆ ಒತ್ತಿ ಹಿಡಿದು "ತಪ್ಪಾಯ್ತು, ತಪ್ಪಾಯ್ತು" ಅಂತ ಅಂದದ್ದಕ್ಕೆ ಲೆಕ್ಕವಿಲ್ಲ. ಗಾಬರಿಯಲ್ಲಿ ಬಾಯಿಗೆ ಬರುವುದು ನಮ್ಮ ಮಾತೇ ತಾನೆ? ಪಕ್ಕದ ಅಂಗಡಿಯವರು ಪೊಲೀಸರನ್ನು ಕರೆದರು. ಅವರು ಬರುವ ಹೊತ್ತಿಗೆ ಕತ್ತಿ ಇನ್ನೂ ನನ್ನ ಕೈಯಲ್ಲೇ ಇತ್ತು. ಅದೇ ದೊಡ್ಡದಾಯಿತು.

ಕೋರ್ಟಿನಲ್ಲಿ ಸರ್ಕಾರದ ಕಡೆಯಿಂದ ಒಬ್ಬ ವಕೀಲನನ್ನು ಕೊಟ್ಟರು. ಪಾಪ, ಕೈತುಂಬ ಫೈಲು, ನಡೆಯುತ್ತಲೇ ಮಾತಾಡಿದ. ಒಪ್ಪಿಕೊಂಡರೆ ಇವತ್ತೇ ಮನೆ, ಇಲ್ಲವಾದರೆ ಕೇಸು ಮುಗಿಯುವವರೆಗೆ ಒಳಗೆ ಅಂದ. ದುಭಾಷಿ ಫೋನಿನಲ್ಲಿ ಅದನ್ನೇ ಕನ್ನಡದಲ್ಲಿ ಹೇಳಿದ. ನಾನು "ಆಯ್ತು ಸಾರ್" ಅಂದೆ. ನ್ಯಾಯಾಧೀಶರು ಒಂದು ವರ್ಷ ಶಿಕ್ಷೆ ಅಂದರು. ಜೀವ ಬಾಯಿಗೆ ಬಂತು. ಆಮೇಲೆ ನೋಡಿದರೆ ಅದು ಅಮಾನತಿನ ಶಿಕ್ಷೆಯಂತೆ. ಬಾಲ ಮುದುರಿಕೊಂಡು ಇದ್ದರೆ ಒಂದು ದಿನವೂ ಜೈಲಿಲ್ಲ. ಸಂಜೆ ಮನೆಗೆ ಬಂದೆ. ನಿನ್ನ ಸೋದರಸೊಸೆ, ನನ್ನ ಪುಟ್ಟ ಮೆಣಸಿನಕಾಳು, ಬಾಗಿಲಲ್ಲೇ ಕಾಲು ಹಿಡಿದುಕೊಂಡು ಬಿಡಲಿಲ್ಲ.

ಅಮ್ಮನಿಗೆ ಹೇಳಬೇಡ.

ನಿನ್ನ
ಗುಂಗುರ


ಫೆಬ್ರವರಿ 27

ಲೋ ಗುಂಗುರಾ,

ಕಂಟ್ರೋಲರು "ಅಮ್ಮಾವ್ರೇ, ಫಾರಿನ್ ಲೆಟರ್ರು" ಅಂತ ಎಲ್ಲರ ಮುಂದೆ ಕೊಟ್ಟರು. ಸೀದಾ ಟಿಕೆಟ್ ಚೀಲಕ್ಕೆ ತುರುಕಿಕೊಂಡೆ. ಎರಡು ಟ್ರಿಪ್ಪಿನ ನಡುವೆ ಖಾಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಓದಿದೆ. ಡ್ರೈವರಣ್ಣ ಟೀ ತಂದಿಟ್ಟ. ಅದು ತಣ್ಣಗಾಗಿ ಕೆನೆ ಕಟ್ಟಿತು.

ನಿನ್ನ ತಲೆ! ಗಿರಾಕಿ ಎದ್ದು ನಿಂತ ಮೇಲೆ ಕತ್ತಿ ಕೆಳಗಿಡಬೇಕು ಅನ್ನೋದು ಅಪ್ಪ ನಿನಗೆ ಮೊದಲ ದಿನ ಹೇಳಿಕೊಟ್ಟ ಪಾಠ. ಇಲ್ಲಿದ್ದಿದ್ದರೆ ಆ ಗುಂಗುರು ಕೂದಲು ಹಿಡಿದು ಎಳೆಯುತ್ತಿದ್ದೆ. ಆಯಿತು, ದೇವರು ದೊಡ್ಡವನು, ಮನೆಗೆ ಬಂದೆಯಲ್ಲ.

ಆದರೆ ಒಂದು ಮಾತು ನನಗೆ ಗಂಟಲಲ್ಲಿ ಇಳಿಯುತ್ತಿಲ್ಲ. ಒಂದು ವರ್ಷ ಅಂದರು, ಆದರೆ ಇಲ್ಲ ಅಂದರು. ಅದು ಹೇಗೋ? ನಮ್ಮ ಬಸ್ಸಿನಲ್ಲಿ ಟಿಕೆಟ್ ಹರಿದುಕೊಟ್ಟ ಮೇಲೆ ನೀನು ಕೂತು ಹೋದರೂ ಟಿಕೆಟ್ಟೇ, ಮುಂದಿನ ಸ್ಟಾಪಿನಲ್ಲಿ ಇಳಿದು ಹೋದರೂ ಟಿಕೆಟ್ಟೇ. ಲೆಕ್ಕದಲ್ಲಿ ಅದು ಇದ್ದೇ ಇರುತ್ತದೆ. ನಿನ್ನ ವಕೀಲನನ್ನು ಇನ್ನೊಂದು ಸಲ ಕೇಳು. ನಾನು ಹೆಂಗಸು, ಏನೋ ಹೆದರಿ ಬಡಬಡಿಸುತ್ತಿದ್ದೇನೆ ಅಂತಲೇ ಇಟ್ಟುಕೋ, ಆದರೂ ಕೇಳು.

ಮೆಣಸಿನಕಾಳಿಗೆ ಮುದ್ದು. ಭಾನುವಾರ ಫೋನಿನಲ್ಲಿ ನಗುನಗುತ್ತಾ ಮಾತಾಡು, ಅಮ್ಮನ ಕಿವಿ ಬಲು ಚುರುಕು.

ನಿನ್ನ
ಅಕ್ಕ


ಏಪ್ರಿಲ್ 19

ಅಕ್ಕಾ,

ನೀನು ಕೇಳು ಅಂದೆ. ನಾನು ಕೇಳಲಿಲ್ಲ. ಮುಗಿದ ಕಥೆಯನ್ನು ಯಾಕೆ ಕೆದಕುವುದು ಅಂತ ಸುಮ್ಮನಿದ್ದೆ.

ಇಲ್ಲಿ ಇರುವುದಕ್ಕೆ ಕೊಟ್ಟ ಪರವಾನಗಿಯ ಅವಧಿ ಮುಗಿಯುತ್ತಿತ್ತು, ಹೊಸದು ಮಾಡಿಸಲು ಹೋದೆ. ಪ್ರತಿಸಲ ಗಾಜಿನಾಚೆ ಕೂರುವ ಹೆಂಗಸು ತಲೆಯೆತ್ತದೆ ಮೊಹರು ಒತ್ತಿ ಕೊಡುತ್ತಿದ್ದಳು. ಈ ಸಲ ಕಂಪ್ಯೂಟರ್ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಕಂಪ್ಯೂಟರ್ ನೋಡಿದಳು. ಕೂತಿರಿ ಅಂದಳು. ನನ್ನ ಹಿಂದೆ ಇದ್ದವರೆಲ್ಲ ಬಂದು ಹೋದರು. ಕೊನೆಗೆ ಒಂದು ಕಾಗದ ಕೊಟ್ಟರು. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಾದ ಪರದೇಶದವರಿಗೆ ಇಲ್ಲಿ ಇರುವ ಹಕ್ಕಿಲ್ಲ, ನಿಮ್ಮನ್ನು ಯಾಕೆ ಕಳಿಸಬಾರದು ಹೇಳಿ ಅಂತ.

ಈಗ ಬೇರೊಬ್ಬ ವಕೀಲರನ್ನು ಹಿಡಿದಿದ್ದೇನೆ, ಹೆಂಗಸು, ಇಂಥದೇ ಕೇಸು ನೋಡುವವರು. "ಒಂದ್ ದಿನಾನೂ ಜೈಲಿಗೆ ಹೋಗಿಲ್ಲ ಮೇಡಂ" ಅಂದೆ. ಅವರು ಹೇಳಿದ್ದು ಇಷ್ಟು: ಶಿಕ್ಷೆ ಕೊಟ್ಟ ಕೋರ್ಟು ಬೇರೆ, ಈ ಕಚೇರಿ ಬೇರೆ. ಕೋರ್ಟು ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿರಬಹುದು, ಕಚೇರಿ ನೋಡುವುದು ಬರೆದ ಅಂಕಿಯನ್ನು ಮಾತ್ರ. ಒಂದು ವರ್ಷ ಅಂತ ಬರೆದಿದ್ದರೆ ಒಂದು ವರ್ಷ. ನಿನ್ನ ಬಸ್ ಟಿಕೆಟ್ ನೆನಪಾಯಿತು. ಕಳಿಸಿದರೆ ತಿರುಗಿ ಬರುವ ಹಾಗೂ ಇಲ್ಲವಂತೆ. ನನ್ನವಳು ಹುಟ್ಟಿದ್ದೇ ಇಲ್ಲಿ, ಮೆಣಸೂ ಇಲ್ಲಿಯವಳೇ. ಮಾವನವರು ಹಾಸಿಗೆ ಹಿಡಿದಿದ್ದಾರೆ, ಅವರನ್ನು ಬಿಟ್ಟು ಇವಳು ಬರುವ ಹಾಗಿಲ್ಲ. ಈ ಮನೆಯಲ್ಲಿ ಹೊರಗಿನವನು ನಾನೊಬ್ಬನೇ ಅನ್ನುವುದು ನನಗೆ ಇಷ್ಟು ದಿನ ಹೊಳೆದೇ ಇರಲಿಲ್ಲ.

ಇನ್ನೊಂದು ಕೇಳು. ಪೊಲೀಸ್ ಠಾಣೆಯಲ್ಲಿ ನಾನು ಆಡಿದ್ದನ್ನೆಲ್ಲ ದುಭಾಷಿ ಹೇಳಿದ ಹಾಗೆ ಬರೆದುಕೊಂಡಿದ್ದಾರೆ. ವಕೀಲಮ್ಮ ಅದನ್ನು ತರಿಸಿ ಓದಿ ಹೇಳಿದರು. ಪುಟಪುಟಕ್ಕೂ "ನಾನು ಅಪರಾಧ ಮಾಡಿದ್ದೇನೆ" ಅಂತ ಇದೆ. ನಾನು ಹಾಗೆ ಹೇಳಲೇ ಇಲ್ಲ ಅಕ್ಕ! "ತಪ್ಪಾಯ್ತು" ಅಂದೆ. ಠಾಣೆಯಲ್ಲಿ ಕುಡಿಯಲು ನೀರು ಕೊಟ್ಟಾಗ ಕೈ ತಾಗಿ ಲೋಟ ಉರುಳಿ ನೀರು ಮೇಜಿನ ಮೇಲೆ ಚೆಲ್ಲಿತು, ಆಗಲೂ "ತಪ್ಪಾಯ್ತು ಸಾರ್" ಅಂದೆ. ಅಲ್ಲೂ ಬರೆದಿದ್ದಾರೆ, "ನಾನು ಅಪರಾಧ ಮಾಡಿದ್ದೇನೆ." ನೀರು ಚೆಲ್ಲಿದ್ದಕ್ಕೆ!

ನನಗೆ ತುಂಬಾ ಭಯವಾಗುತ್ತಿದೆ.

ಗುಂಗುರ


ಮೇ 5

ಗುಂಗುರಾ,

ಓದಿದ ಮೇಲೆ ವಿಸಿಲ್ ಊದಲು ಬಾಯಲ್ಲಿ ಉಸಿರೇ ಇರಲಿಲ್ಲ. ಬಸ್ಸು ಸ್ಟಾಪಿನಲ್ಲಿ ನಿಂತೇ ಇತ್ತು. ಡ್ರೈವರಣ್ಣ ತಿರುಗಿ, "ಏನಮ್ಮಾ, ರೈಟ್ ಹೇಳ್ತೀಯೋ ಇಲ್ಲೇ ಮನೆ ಮಾಡೋಣ್ವೋ?" ಅಂದ. ಜನ ನಕ್ಕರು. ನಾನೂ ನಕ್ಕೆ ಅಂತ ಕಾಣುತ್ತದೆ.

ಅಮ್ಮ ನನ್ನ ಮುಖ ನೋಡಿಯೇ ಹಿಡಿದುಬಿಟ್ಟಳು. ಅರ್ಧ ಮಾತ್ರ ಹೇಳಿದೆ, ಗಿರಾಕಿ ಜೊತೆ ಸಣ್ಣ ಜಗಳ, ಯಾರೋ ದೂರು ಕೊಟ್ಟಿದ್ದಾರೆ ಅಂತ. ಅದಕ್ಕೆ ಅವಳು ಏನಂದಳು ಗೊತ್ತಾ? "ತಪ್ಪಾಯ್ತು ಅಂತ ಒಂದ್ ಮಾತು ಹೇಳಿದ್ರೆ ಮುಗ್ದೇ ಹೋಗ್ತಿತ್ತು. ಅವನಿಗೇನು ಬಾಯಿ ಬಿದ್ಹೋಗಿತ್ತಾ?"

ನಾನು ಎದ್ದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತೆ.

ನನ್ನಿಂದ ಏನಾಗಬೇಕು ಹೇಳು. ಇಷ್ಟು ದೂರದಿಂದ ನಾನೇನು ಮಾಡಬಲ್ಲೆನೋ ಗೊತ್ತಿಲ್ಲ, ಆದರೆ ಹೇಳು. ಇನ್ನೊಂದನ್ನು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನೀನು ತಳ್ಳಿದ್ದು ಅವನ ಕೈಯನ್ನು ಮಾತ್ರಾನಾ?

ಅಕ್ಕ


ಜೂನ್ 8

ಅಕ್ಕಾ,

ನಿನ್ನಿಂದ ಒಂದು ಕೆಲಸ ಆಗಬೇಕು. ವಕೀಲಮ್ಮ ಹಳೆಯ ಕೇಸನ್ನು ಮತ್ತೆ ತೆರೆಸಲು ಅರ್ಜಿ ಹಾಕಿದ್ದಾರೆ. ಒಪ್ಪಿಕೊಂಡರೆ ದೇಶ ಬಿಡಬೇಕಾಗುತ್ತದೆ ಅಂತ ಆವತ್ತು ನನಗೆ ಯಾರೂ ಹೇಳಿರಲಿಲ್ಲ ಅನ್ನುವುದು ಒಂದು. ನನ್ನ ಮಾತನ್ನು ಇಲ್ಲಿಯ ಭಾಷೆಗೆ ತಪ್ಪಾಗಿ ತಿರುಗಿಸಿದ್ದಾರೆ ಅನ್ನುವುದು ಇನ್ನೊಂದು. "ನಿಮ್ಮ ಭಾಷೆಯಲ್ಲಿ ಈ ಮಾತನ್ನು ಜನ ಯಾವಾಗ ಹೇಳುತ್ತಾರೆ, ದಿನವೂ ಕೇಳುವ ಯಾರಾದರೂ ಬರೆದುಕೊಡಲಿ" ಅಂದರು. ದಿನವೂ ಜನರ ನಡುವೆ ತುಳಿಸಿಕೊಂಡು ಓಡಾಡುವವಳು ನಿನ್ನನ್ನು ಬಿಟ್ಟರೆ ಯಾರಿದ್ದಾರೆ?

ಇಲ್ಲಿ ದಿನ ಕಳೆಯುವುದು ಹೇಗೆ ಅಂತ ಬರೆಯಬಾರದು ಅಂದುಕೊಂಡಿದ್ದೆ. ವಾರಕ್ಕೊಮ್ಮೆ ಆ ಕಚೇರಿಗೆ ಹೋಗಿ ಸಹಿ ಹಾಕಬೇಕು. ಸಹಿ ಹಾಕುವ ಕೋಣೆಗೆ ಎರಡು ಬಾಗಿಲು. ಬಂದ ಬಾಗಿಲಿನಲ್ಲೇ ಹೋಗು ಅಂದರೆ ಇನ್ನೊಂದು ವಾರ ಬದುಕಿದೆ. ಕೆಲವರನ್ನು ಹಿಂದಿನ ಬಾಗಿಲಿನಿಂದ ಕರೆದುಕೊಂಡು ಹೋಗುತ್ತಾರೆ, ಆಚೆ ವ್ಯಾನಿನ ಎಂಜಿನ್ ಸದ್ದು ಕೇಳುತ್ತದೆ. ನನ್ನ ಮುಂದೆ ಕೂತಿದ್ದ ಒಬ್ಬ ತನ್ನ ಕೊಡೆಯನ್ನು ಕುರ್ಚಿಗೆ ತಗುಲಿಸಿ ಒಳಗೆ ಹೋದ. ಕೊಡೆ ಅಲ್ಲೇ ಉಳಿಯಿತು. ಮುಂದಿನ ವಾರ ಹೋದಾಗಲೂ ಅಲ್ಲೇ ಇತ್ತು.

ನನ್ನವಳು ಒಂದು ಚೀಲ ತುಂಬಿ ಬಾಗಿಲ ಹಿಂದೆ ಇಟ್ಟಿದ್ದಾಳೆ. ಎರಡು ಜೊತೆ ಬಟ್ಟೆ, ಮಾತ್ರೆ, ಮೆಣಸಿನ ಫೋಟೋ. ಬಾಗಿಲು ಬಡಿದರೆ ಮೂವರೂ ದೀಪ ಆರಿಸಿ ಕೂರುತ್ತೇವೆ. ಮೊನ್ನೆ ಪಕ್ಕದವರು ಏಣಿ ಕೇಳಲು ಬಂದಿದ್ದರು, ನಾವು ತೆರೆಯಲೇ ಇಲ್ಲ. ಸಲೂನಿನಲ್ಲಿ ನನಗೆ ಕತ್ತಿ ಕೊಡುವುದಿಲ್ಲ. ಕತ್ತರಿ, ಬಾಚಣಿಗೆ, ಪೊರಕೆ, ಅಷ್ಟೇ. ಕೊಟ್ಟರೂ ಹಿಡಿಯಲಾರೆ.

ಬೇಗ ಬರೆದು ಕಳಿಸು.

ಗುಂಗುರ


ಜೂನ್ 24

ಗುಂಗುರಾ,

"ಮಾನ್ಯ ನ್ಯಾಯಾಧೀಶರಿಗೆ" ಅಂತ ಶುರು ಮಾಡಿ ಒಂದಷ್ಟು ಹಾಳೆ ಹರಿದು ಹಾಕಿದೆ. ಆ ಧಾಟಿ ನನಗೆ ಬರುವುದಿಲ್ಲ. ನಿನಗೆ ಬರೆದ ಹಾಗೇ ಬರೆಯುತ್ತೇನೆ, ವಕೀಲಮ್ಮ ಬೇಕಾದ ಹಾಗೆ ತಿದ್ದಿಕೊಳ್ಳಲಿ. ಇದಕ್ಕೆಂದೇ ಬಸ್ಸಿನಲ್ಲಿ ಕಿವಿ ತೆರೆದುಕೊಂಡು ಓಡಾಡಿದ್ದೇನೆ.

ನಾನು ಬಸ್ ಕಂಡಕ್ಟರ್. "ತಪ್ಪಾಯ್ತು" ಅನ್ನುವುದನ್ನು ನಾನು ಕೇಳುವಷ್ಟು ಪೂಜಾರಿಯೂ ಕೇಳಿರಲಾರ. ಡ್ರೈವರ್ ಬ್ರೇಕ್ ಹಾಕುತ್ತಾನೆ. ದಪ್ಪನೆಯ ಮನುಷ್ಯ ಒಬ್ಬ ಹೆಂಗಸಿನ ಕಾಲು ತುಳಿಯುತ್ತಾನೆ. "ತಪ್ಪಾಯ್ತಮ್ಮ" ಅನ್ನುತ್ತಾನೆ. ಬ್ರೇಕ್ ಹಾಕಿದವನು ಅವನಲ್ಲ. ಅದೇ ಹೊತ್ತಿಗೆ ಒಂದು ಹುಡುಗಿ ನನ್ನ ಮೇಲೆ ಬಿದ್ದಳು, ಅವಳಿಗೆ ನನ್ನ ಟಿಕೆಟ್ ಮಿಷನ್ ತಗುಲಿತು, ನಾನು "ಅಯ್ಯೋ, ತಪ್ಪಾಯ್ತು ಕಣಮ್ಮ" ಅಂದೆ. ಬಿದ್ದವಳು ಅವಳು, ಹೇಳಿದವಳು ನಾನು. ಒಬ್ಬ ಮುದುಕ ನನ್ನನ್ನು ಕರೆಯುವುದೇ "ತಪ್ಪಾಯ್ತು, ಸ್ವಲ್ಪ ಕಿಟಕಿ ಮುಚ್ತೀಯಾ ತಾಯಿ?" ಅಂತ. ಅವನು ಏನೂ ಮಾಡಿಯೇ ಇಲ್ಲ.

ಕಿಟಕಿ ಸೀಟಿಗೆ ಇಬ್ಬರು ಜಗಳಕ್ಕೆ ಬೀಳುತ್ತಾರೆ. ಬಸ್ಸು ನಿಲ್ಲುತ್ತದೆ. ಉಳಿದವರು, "ಹೋಗ್ಲಿ ಬಿಡ್ರೀ, ಯಾರಾದ್ರೂ ಒಬ್ರು ತಪ್ಪಾಯ್ತು ಅಂದ್ಬಿಡಿ, ಬಸ್ ಹೊರಡ್ಲಿ" ಅನ್ನುತ್ತಾರೆ. ಆಗ ಹೇಳುವವನು ತಪ್ಪು ಮಾಡಿದವನಲ್ಲ. ಇಬ್ಬರಲ್ಲಿ ಯಾರಿಗೆ ಬೇಗ ಮನೆಗೆ ಹೋಗಬೇಕೋ ಅವನು ಹೇಳುತ್ತಾನೆ. ನನ್ನ ತಮ್ಮನಿಗೂ ಆವತ್ತು ಮನೆಗೆ ಹೋಗಬೇಕಿತ್ತು.

"ತಪ್ಪು ಮಾಡಿದೆ" ಅಂದರೆ ಮಾಡಿದವನು ಒಬ್ಬ ಇದ್ದಾನೆ ಅಂತ ಅರ್ಥ. "ತಪ್ಪಾಯ್ತು" ಅಂದರೆ ಆಯಿತು, ಅಷ್ಟೇ. ಮಳೆ ಆಯ್ತು, ಊಟ ಆಯ್ತು, ಸಂಜೆ ಆಯ್ತು ಅನ್ನುವ ಹಾಗೆ. ಯಾರು ಮಾಡಿದರು ಅಂತ ಆ ಮಾತಿನೊಳಗೆ ಇಲ್ಲ.

ನಿಜವಾಗಿ ತಪ್ಪು ಮಾಡಿದವರೂ ಇದನ್ನೇ ಹೇಳುತ್ತಾರೆ, ಅದನ್ನೂ ಬರೆಯುತ್ತಿದ್ದೇನೆ. ಹೋದ ತಿಂಗಳು ಒಬ್ಬ ಯಾರದೋ ಜೇಬಿಗೆ ಕೈ ಹಾಕಿ ಸಿಕ್ಕಿಬಿದ್ದು ಇದೇ ಮಾತು ಹೇಳಿ ಕಾಲಿಗೆ ಬಿದ್ದ. ಇದನ್ನು ಬರೆಯಬಾರದೋ ಏನೋ, ಬೇಡವಾದರೆ ಹೊಡೆದು ಹಾಕಿಸು. ಆದರೆ ಬರೀ ಅನುಕೂಲವಾದದ್ದನ್ನೇ ಬರೆದರೆ ನನ್ನನ್ನು ಯಾರು ನಂಬುತ್ತಾರೆ?

ಸಹಿ ಹಾಕಿದ್ದೇನೆ, ಡಿಪೋ ಮ್ಯಾನೇಜರ್ ಕೈಲಿ ಮೊಹರೂ ಹಾಕಿಸಿದ್ದೇನೆ. ಯಾಕೆ ಅಂತ ಅವರು ಕೇಳಿದರು. ತಮ್ಮನಿಗೆ ಸರ್ಟಿಫಿಕೇಟು ಅಂದೆ.

ನಾನು ಕೇಳಿದ್ದಕ್ಕೆ ನೀನು ಉತ್ತರ ಕೊಡಲಿಲ್ಲ. ಬೇಡ ಬಿಡು.

ಅಕ್ಕ


ಆಗಸ್ಟ್ 3

ಅತ್ತಿಗೆಗೆ ನಮಸ್ಕಾರ.

ನನ್ನ ಕನ್ನಡ ಬರವಣಿಗೆ ಚೆನ್ನಾಗಿಲ್ಲ, ಮನೆಯಲ್ಲಿ ಕಲಿತದ್ದು. ನಿಮ್ಮ ತಮ್ಮ ಸೋಮವಾರ ಸಹಿ ಹಾಕಲು ಹೋದರು. ನಾನು ಹೊರಗೆ ಕಾಯುತ್ತಿದ್ದೆ. ಹಿಂದಿನ ಬಾಗಿಲಿನಿಂದ ಕರೆದುಕೊಂಡು ಹೋದರು. ಚೀಲ ಮನೆಯಲ್ಲೇ ಇತ್ತು. ಓಡಿ ಹೋಗಿ ತಂದೆ, ಅಷ್ಟರಲ್ಲಿ ವ್ಯಾನ್ ಹೊರಟು ಹೋಗಿತ್ತು.

ಊರಾಚೆ ಒಂದು ಕಟ್ಟಡದಲ್ಲಿ ಇಟ್ಟಿದ್ದಾರೆ. ಜೈಲು ಅಲ್ಲ ಅನ್ನುತ್ತಾರೆ, ಆದರೆ ಬೀಗ ಇದೆ. ಕೋರ್ಟಿನ ದಿನ ಬರುವ ಮೊದಲೇ ವಿಮಾನ ಹತ್ತಿಸಬಹುದಂತೆ. ವಕೀಲರು ತಡೆಯಲು ನೋಡುತ್ತಿದ್ದಾರೆ. ಅಪ್ಪ ಕೆಲಸಕ್ಕೆ ಹೋಗಿದ್ದಾರೆ ಅಂತ ಮಗುವಿಗೆ ಹೇಳಿದ್ದೇನೆ. ಅವಳು ಅವರ ಚಪ್ಪಲಿಯನ್ನು ತನ್ನ ಹಾಸಿಗೆಯ ಕೆಳಗೆ ಇಟ್ಟುಕೊಂಡಿದ್ದಾಳೆ, ಚಪ್ಪಲಿ ಇಲ್ಲದೆ ದೂರ ಹೋಗಲಾರರು ಅಂತ.

ಭಾನುವಾರ ಅತ್ತೆಗೆ ಫೋನಿನಲ್ಲಿ ಏನು ಹೇಳಲಿ? ದಯವಿಟ್ಟು ತಿಳಿಸಿ.

ಇಂತಿ ನಿಮ್ಮ
ಮೆಣಸಿನ ಅಮ್ಮ


ಆಗಸ್ಟ್ 20

ತಮ್ಮಾ,

ನಿನ್ನವಳು ಕೊಟ್ಟ ವಿಳಾಸಕ್ಕೆ ಬರೆಯುತ್ತಿದ್ದೇನೆ. ಇದು ತಲುಪುವಾಗ ನೀನು ಅಲ್ಲಿರುತ್ತೀಯೋ, ಇಲ್ಲಿ ಬಾಗಿಲಲ್ಲಿ ನಿಂತಿರುತ್ತೀಯೋ ನನಗೆ ಗೊತ್ತಿಲ್ಲ. ನೀನು ಬಂದರೆ ನನಗೆ ಸಂತೋಷವಾಗಬೇಕಲ್ಲವಾ? ಎಷ್ಟು ವರ್ಷವಾಯಿತು ನಿನ್ನ ಮುಖ ನೋಡಿ! ಆದರೆ ವಿಮಾನದ ಸದ್ದು ಕೇಳಿದರೆ ಸಾಕು, ಬಸ್ಸಿನಿಂದ ತಲೆ ಹೊರಗೆ ಹಾಕಿ, ಅದರಲ್ಲಿ ನೀನಿರಬೇಡಪ್ಪಾ ಅಂತ ಬೇಡಿಕೊಳ್ಳುತ್ತೇನೆ. ಒಡಹುಟ್ಟಿದವನು ಮನೆಗೆ ಬರಬಾರದು ಅಂತ ಹರಕೆ ಹೊರುವ ಅಕ್ಕ ನಾನೊಬ್ಬಳೇ ಇರಬೇಕು.

ಅಮ್ಮನಿಗೆ ನಿನ್ನ ಗಂಟಲು ಕಟ್ಟಿದೆ, ಡಾಕ್ಟರು ಮಾತಾಡಬಾರದು ಅಂದಿದ್ದಾರೆ ಅಂತ ಹೇಳಿದ್ದೇನೆ. ಜೇನುತುಪ್ಪ ನೆಕ್ಕು ಅಂತ ಹೇಳಿ ಕಳಿಸಿದ್ದಾಳೆ. ಅವಳು ನಂಬಿದ್ದಾಳೋ, ನಂಬಿದ ಹಾಗೆ ಮಾಡುತ್ತಿದ್ದಾಳೋ.

ಒಂದೇ ಮಾತು. ಅಲ್ಲಿ ಯಾರ ಮುಂದೆಯೂ, ಕಾಲು ತುಳಿದರೂ, ನೀರು ಚೆಲ್ಲಿದರೂ, ಆ ಮಾತು ಮಾತ್ರ ಆಡಬೇಡ. ನಾಲಿಗೆ ಕಚ್ಚಿ ಹಿಡಿ.

ಅಕ್ಕ


ಅಕ್ಟೋಬರ್ 12

ಅಕ್ಕಾ,

ಮನೆಯಲ್ಲಿದ್ದೇನೆ. ಇದನ್ನು ಅಡುಗೆಮನೆಯ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಮೊದಲು ಇದನ್ನು ಇನ್ನೊಂದು ಸಲ ಓದಿಕೋ, ಆಮೇಲೆ ಮುಂದಿನದು.

ವಿಮಾನದ ಪಟ್ಟಿಯಲ್ಲಿ ನನ್ನ ಹೆಸರು ಬಂದಿತ್ತಂತೆ. ವಕೀಲಮ್ಮ ತಡೆಯಾಜ್ಞೆ ತಂದರು. ಕೋರ್ಟಿನಲ್ಲಿ ಎದುರು ಕಡೆಯವರು ಕೊನೆಗೆ ಒಂದು ರಾಜಿಗೆ ಬಂದರು. ಅಪರಾಧ ದಾಖಲೆಯಲ್ಲಿ ಹಾಗೇ ಇರುತ್ತದೆ, ಶಿಕ್ಷೆಯನ್ನು ಮಾತ್ರ ಒಂದು ವರ್ಷಕ್ಕೆ ಒಂದು ದಿನ ಕಡಿಮೆ ಅಂತ ತಿದ್ದುತ್ತೇವೆ, ಆದರೆ ಈ ಸಲ ಎಲ್ಲವನ್ನೂ ತಿಳಿದುಕೊಂಡು ಅವನೇ ಬಾಯಾರೆ ಒಪ್ಪಿಕೊಳ್ಳಬೇಕು ಅಂದರು. ಒಂದು ದಿನ ಅಕ್ಕ! ಆ ಒಂದು ದಿನದ ಆಚೆ ವಿಮಾನ, ಈಚೆ ಮೆಣಸು.

ದುಭಾಷಿ ಈ ಸಲ ಎದುರಿಗೇ ಇದ್ದರು, ನರೆತ ತಲೆಯವರು. ನಿನ್ನ ಹಾಳೆಯನ್ನು ಅವರೇ ಓದಿ ಹೇಳಿದರು, ಜೇಬುಗಳ್ಳನ ವಿಷಯವನ್ನೂ ಬಿಡದೆ. ವಕೀಲಮ್ಮ ಅದನ್ನು ಹೊಡೆದು ಹಾಕಿರಲಿಲ್ಲ. ಕಿಟಕಿ ಸೀಟಿನ ಜಗಳ ಬಂದಾಗ ದುಭಾಷಿಯ ತುಟಿ ಸ್ವಲ್ಪ ನಕ್ಕಿತು. ನ್ಯಾಯಾಧೀಶರು ನಗಲಿಲ್ಲ, "ನಿಜಕ್ಕೂ ಹೀಗೊಂದು ಮಾತಿದೆಯಾ?" ಅಂತ ಮಾತ್ರ ಕೇಳಿದರು. ದುಭಾಷಿ ಇದೆ ಅಂದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಈಗ ಹೇಳ್ಬೇಕಾದ್ದು ತಪ್ಪಾಯ್ತು ಅಂತ ಅಲ್ಲಪ್ಪ. ತಪ್ಪು ಮಾಡಿದೆ ಅಂತ. ಗೊತ್ತಾಯ್ತಾ?" ಅಂದರು.

"ತಪ್ಪು ಮಾಡಿದೆ" ಅಂದೆ.

ಆಗ ನೀನು ಕೇಳಿದ್ದು ನೆನಪಾಯಿತು, ತಳ್ಳಿದ್ದು ಅವನ ಕೈಯನ್ನು ಮಾತ್ರಾನಾ ಅಂತ. ಅಕ್ಕ, ಈಗ ನನಗೇ ಗೊತ್ತಾಗುತ್ತಿಲ್ಲ. ಪೊಲೀಸರಿಗೆ, ವಕೀಲರಿಗೆ, ಕೋರ್ಟಿಗೆ ಹೇಳಿ ಹೇಳಿ, ನನ್ನ ಕೈ ಆವತ್ತು ಎಲ್ಲಿತ್ತು ಅನ್ನುವುದೇ ಮರೆತುಹೋಗಿದೆ.

ಬಿಟ್ಟರು. ಪರವಾನಗಿ ಹೊಸದಾಗುತ್ತದೆ, ಆದರೆ ಇನ್ನೊಂದು ಸಣ್ಣ ಕೇಸಾದರೂ ಯಾರೂ ಉಳಿಸಲಾರರು ಅಂತ ವಕೀಲಮ್ಮ ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು. ನೀನು ಹೇಳಿದ ಹಾಗೆ ನಾಲಿಗೆ ಕಚ್ಚಿ ಹಿಡಿದಿದ್ದೇನೆ. ಅಂಗಡಿಯಲ್ಲಿ ಒಬ್ಬಳು ಅಜ್ಜಿಗೆ ನನ್ನ ಭುಜ ತಾಗಿ ಅವಳ ಕೈಯಲ್ಲಿದ್ದ ಹಣ್ಣು ಉರುಳಿ ಹೋಯಿತು. ನಾನು ಬಾಯಿ ಮುಚ್ಚಿಕೊಂಡು ಹಣ್ಣು ಹೆಕ್ಕಿಕೊಟ್ಟೆ. ಎಂಥ ಒರಟ ಅನ್ನುವ ಹಾಗೆ ನೋಡಿದಳು. ನೋಡಲಿ.

ಇವತ್ತು ಬೆಳಿಗ್ಗೆ ಮೆಣಸು ಹಾಲು ಕುಡಿಯುತ್ತಿದ್ದಳು. ಗಾಜಿನ ಲೋಟ ಕೈಜಾರಿ ಚೂರುಚೂರಾಯಿತು, ಹಾಲೆಲ್ಲ ನೆಲಕ್ಕೆ. ಅವಳು ಎರಡೂ ಕಿವಿ ಹಿಡಿದುಕೊಂಡಳು. ನೀನು ಫೋನಿನಲ್ಲಿ ಕಲಿಸಿದ್ದೆಯಲ್ಲ, ಹಾಗೇ, ಮುದ್ದಾಗಿ, ಇಷ್ಟು ಗಟ್ಟಿಯಾಗಿ ಅಂದಳು: "ತಪ್ಪಾಯ್ತು ಅಪ್ಪಾ!"

ನಾನು ಹಾರಿ ಬಂದು ಅವಳ ಬಾಯಿ ಮುಚ್ಚಿದೆ ಅಕ್ಕ. ಒಂದು ಕೈ ಅವಳ ಬಾಯ ಮೇಲೆ, ಇನ್ನೊಂದು ಕೈ ತಲೆಯ ಹಿಂದೆ, ಒತ್ತಿ ಹಿಡಿದುಬಿಟ್ಟೆ. ಕಣ್ಣು ಬಾಗಿಲ ಕಡೆ. ಯಾರಾದರೂ ಕೇಳಿಸಿಕೊಂಡರಾ ಅಂತ. ನನ್ನವಳು "ಏನ್ ಮಾಡ್ತಿದ್ದೀರಾ, ಬಿಡಿ!" ಅಂತ ಕೂಗಿದ ಮೇಲೆ ಕೈ ಬಿಟ್ಟೆ. ಮಗುವಿನ ಕೆನ್ನೆಯ ಮೇಲೆ ನನ್ನ ಬೆರಳು ಮೂಡಿತ್ತು. ಅವಳು ಅಳಲೂ ಇಲ್ಲ. ಪಿಸುದನಿಯಲ್ಲಿ, "ಅದು ಕೆಟ್ಟ ಮಾತಾ ಅಪ್ಪಾ?" ಅಂತ ಕೇಳಿದಳು.

ಅವಳಿಗೆ ಏನು ಹೇಳಲಿ ಅಕ್ಕಾ? ನಾನು ಅವಳಿಗೆ ಏನಂತ ಹೇಳಬೇಕು? ಅವಳ ಬಾಯಿ ಒತ್ತಿ ಹಿಡಿದದ್ದಕ್ಕೆ ಕ್ಷಮೆ ಕೇಳಲು ನನಗೆ ಗೊತ್ತಿರುವ ಮಾತೂ ಅದೊಂದೇ. ಅದು ನನ್ನ ಬಾಯಿಗೆ ಬರುತ್ತಿಲ್ಲ.

ನಿನ್ನ
ಗುಂಗುರ